ವೇಷ ಬದಲಿಸುವ ಜ್ವರ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನಲ್ಲಿ ಕಬ್ಬೂರ ಎಂಬ ಊರಿದೆ. ಸುತ್ತಲಿನ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಅನೇಕ ಊರುಗಳಂತೆ ಇದೂ ಒಕ್ಕಲುತನವನ್ನು ನಂಬಿದ ಊರು. ಮುಂಗಾರು ಹಿಡಿದು, ಸೂರ್ಯನ ಮುಖ ಕಾಣದ ದಿನಗಳು ಬಂದಾಗ ಈ ಸೀಮೆಯ ಮನೆಮನೆಗಳಲ್ಲಿಯೂ ಕೆಮ್ಮು, ಸೀನು, ಮೈಕೈ ನೋವುಗಳ ಸದ್ದು ಕೇಳಿಬರುತ್ತದೆ. ಶಾಲೆಗಳಲ್ಲಿ ಹಾಜರಾತಿ ಕುಗ್ಗುತ್ತದೆ. ಹೊಲಕ್ಕೆ ಹೋಗಬೇಕಾದ ಆಳು ಕಂಬಳಿ ಹೊದ್ದು ಮಲಗುತ್ತಾನೆ. ಹಿರಿಯರು ಇದನ್ನು ಮಳೆಗಾಲದ ನೆಗಡಿಯೆಂದು ಕರೆದು, ಶುಂಠಿಯ ಕಷಾಯ ಕುಡಿಸಿ, ಬೆಚ್ಚಗೆ ಮಲಗಿಸುತ್ತಾರೆ. ಹೆಚ್ಚಿನವರು ಒಂದು ವಾರದಲ್ಲಿ ಎದ್ದು ಓಡಾಡುತ್ತಾರೆ. ಆದುದರಿಂದ ಇದು ಹೆದರಬೇಕಾದ ರೋಗವಲ್ಲವೆಂಬ ಭಾವನೆ ಜನರಲ್ಲಿ ಬೇರೂರಿದೆ.

ಈ ಭಾವನೆಯಲ್ಲಿ ಅರ್ಧ ಸತ್ಯವಿದೆ, ಅರ್ಧ ತಪ್ಪಿದೆ. ಕೆಮ್ಮು ನೆಗಡಿಗಳೆಲ್ಲ ಒಂದೇ ಮೂಲದಿಂದ ಹುಟ್ಟಿದವುಗಳಲ್ಲ. ಸಾಮಾನ್ಯ ನೆಗಡಿಯನ್ನುಂಟುಮಾಡುವ ಸೂಕ್ಷ್ಮಜೀವಿಗಳು ನೂರಕ್ಕೂ ಹೆಚ್ಚು ಬಗೆಯವು. ಅವುಗಳಿಂದ ಮೂಗು ಸೋರಬಹುದು, ಗಂಟಲು ಕೆರೆಯಬಹುದು. ಪ್ರಾಣಕ್ಕೆ ಅಪಾಯವಾಗುವುದು ಅಪರೂಪ. ಆದರೆ ಇವೇ ಲಕ್ಷಣಗಳ ಮರೆಯಲ್ಲಿ ಬರುವ ಇನ್ನೊಂದು ರೋಗವಿದೆ. ಅದು ಮೆಲ್ಲನೆ ಬರುವುದಿಲ್ಲ. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನನ್ನು ಸಂಜೆಯ ಹೊತ್ತಿಗೆ ಹಾಸಿಗೆಗೆ ಕೆಡವುತ್ತದೆ. ಚಳಿ, ತೀವ್ರ ಜ್ವರ, ತಲೆಶೂಲೆ, ಸೊಂಟ ಮತ್ತು ಕೀಲುಗಳಲ್ಲಿ ನೋವು, ಒಣ ಕೆಮ್ಮು, ಎದ್ದು ಕೂರಲಾರದ ನಿಶ್ಶಕ್ತಿ ಇವು ಅದರ ಗುರುತುಗಳು. ಇದೇ ಇನ್‌ಫ್ಲುಯೆಂಜಾ. ಜನರ ಬಾಯಲ್ಲಿ ಇದು ಫ್ಲೂ ಜ್ವರವಾಗಿದೆ. ‘ಇನ್‌ಫ್ಲುಯೆಂಜಾ’ ಎಂಬುದು ಇಟಲಿ ದೇಶದ ಮಾತು. ಅದಕ್ಕೆ ಪ್ರಭಾವವೆಂದು ಅರ್ಥ. ಗ್ರಹ ನಕ್ಷತ್ರಗಳ ಪ್ರಭಾವದಿಂದ ಈ ಬೇನೆ ಬರುತ್ತದೆಂದು ಹಿಂದಿನ ಕಾಲದ ಜನ ನಂಬಿದ್ದರು.

ಈ ಜ್ವರವು ಎಂತಹ ಉಗ್ರರೂಪವನ್ನು ತಾಳಬಲ್ಲದೆಂಬುದನ್ನು ಜಗತ್ತು ೧೯೧೮ರಲ್ಲಿ ಕಂಡಿತು. ಆಗ ಮೊದಲನೆಯ ಮಹಾಯುದ್ಧವು ಕೊನೆಯ ಹಂತದಲ್ಲಿತ್ತು. ಸೈನಿಕರನ್ನು ಹೊತ್ತ ಹಡಗುಗಳು ಖಂಡದಿಂದ ಖಂಡಕ್ಕೆ ಸಂಚರಿಸುತ್ತಿದ್ದವು. ಅವುಗಳೊಡನೆ ರೋಗವೂ ಸಂಚರಿಸಿತು. ಆ ವರ್ಷದ ಜೂನ್ ತಿಂಗಳಿನಲ್ಲಿ ಮುಂಬಯಿಯ ಬಂದರಿನಲ್ಲಿ ಕಾವಲಿದ್ದ ಪೊಲೀಸ್ ಸಿಪಾಯಿಗಳು ಜ್ವರದಿಂದ ಮಲಗಿದರು. ಕೆಲವೇ ದಿನಗಳಲ್ಲಿ ನಗರದ ಕಚೇರಿಗಳೂ ಗಿರಣಿಗಳೂ ಅರ್ಧ ಬರಿದಾದವು. ಆದರೆ ಈ ಮೊದಲ ಅಲೆಯು ಸೌಮ್ಯವಾಗಿತ್ತು. ಸೆಪ್ಟೆಂಬರ್ ತಿಂಗಳಿನಲ್ಲಿ ಎದ್ದ ಎರಡನೆಯ ಅಲೆ ಹಾಗಿರಲಿಲ್ಲ. ಅಕ್ಟೋಬರ್ ೬ನೆಯ ತಾರೀಖು ಒಂದೇ ದಿನ ಮುಂಬಯಿ ನಗರದಲ್ಲಿ ೭೬೮ ಜನ ಮೃತರಾದರು.

ಆ ಕಾಲಕ್ಕೆ ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಕಾರವಾರ ಸೀಮೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪುಣೆಯಿಂದ ಮೀರಜ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್, ಬೆಳಗಾವಿಗಳ ಮಾರ್ಗವಾಗಿ ರೈಲು ದಕ್ಷಿಣಕ್ಕೆ ಓಡುತ್ತಿತ್ತು. ರೋಗವು ಬಂದರಿನಿಂದ ಒಳನಾಡಿಗೆ ಹರಡಿದುದು ಮುಖ್ಯವಾಗಿ ಇಂತಹ ರೈಲು ದಾರಿಗಳ ಗುಂಟವೇ. ಅದೇ ವರ್ಷ ಮುಂಗಾರು ಮಳೆಯೂ ಕೈಕೊಟ್ಟಿತು. ಪೈರು ಒಣಗಿತು, ಕಾಳಿನ ಬೆಲೆ ಏರಿತು. ಅರೆಹೊಟ್ಟೆಯಲ್ಲಿದ್ದ ಜನರ ಮೇಲೆ ಜ್ವರವು ಎರಗಿತು. ಸಾಮಾನ್ಯವಾಗಿ ಮುದುಕರನ್ನೂ ಹಸುಗೂಸುಗಳನ್ನೂ ಬಲಿ ತೆಗೆದುಕೊಳ್ಳುವ ಈ ರೋಗವು ಅಂದು ಇಪ್ಪತ್ತರಿಂದ ನಲವತ್ತು ವರ್ಷದೊಳಗಿನ ಗಟ್ಟಿ ಆಳುಗಳನ್ನೇ ಹೆಚ್ಚಾಗಿ ಕೊಂದಿತು. ಬಿತ್ತುವ, ಕೊಯ್ಯುವ, ಅಡಿಗೆ ಮಾಡುವ ಕೈಗಳೇ ಇಲ್ಲವಾದಾಗ ಮನೆಯಲ್ಲಿ ಉಳಿದವರ ಗತಿ ಏನಾಗಿರಬೇಕೆಂಬುದನ್ನು ಊಹಿಸಬಹುದು.

ಮುಂಬಯಿ ಪ್ರಾಂತವೊಂದರಲ್ಲಿಯೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು ಮಾಡಲಾಗಿದೆ. ಭಾರತದಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಮಿಗಿಲೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ೧೯೧೧ ಮತ್ತು ೧೯೨೧ರ ಜನಗಣತಿಗಳನ್ನು ಹೋಲಿಸಿ ನೋಡಿದರೆ ದೇಶದ ಜನಸಂಖ್ಯೆ ಏರುವುದರ ಬದಲು ತುಸು ಇಳಿದಿರುವುದು ಕಾಣುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಹೀಗೆ ಇಳಿದ ದಶಕ ಅದೊಂದೇ.

ಅಂದು ಈ ಜ್ವರಕ್ಕೆ ಮದ್ದೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಆದರೆ ಲಸಿಕೆಯೆಂಬ ವಿದ್ಯೆಯೇ ಈ ಸೀಮೆಗೆ ಅಪರಿಚಿತವಾಗಿತ್ತೆಂದಲ್ಲ. ೧೮೯೮ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಮಾರಿ ಬಂದಾಗ ಸಾವಿರಾರು ಜನರಿಗೆ ಹಾಫ್‌ಕಿನ್ ಎಂಬ ವಿಜ್ಞಾನಿಯು ಸಿದ್ಧಪಡಿಸಿದ ಪ್ಲೇಗ್ ಲಸಿಕೆಯನ್ನು ಚುಚ್ಚಲಾಗಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ವಿಶಾಲವಾದ ಆವರಣವಿದೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿ ಸಿಡುಬಿನ ಲಸಿಕೆಯನ್ನು ತಯಾರಿಸುವ ಸಂಸ್ಥೆ ಸ್ಥಾಪಿತವಾಯಿತು. ಮುಂದೆ ಸಿಡುಬಿನ ನಿರ್ಮೂಲನದ ಕಾಲದಲ್ಲಿ ದೇಶಕ್ಕೆ ಬೇಕಾದ ಲಸಿಕೆಯನ್ನು ಒದಗಿಸಿದ ಕೆಲವೇ ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದಾಗಿತ್ತು. ಆ ಲಸಿಕೆಯನ್ನು ತೋಳಿನ ಮೇಲೆ ಹಾಕಿಸಿಕೊಂಡ ಗುರುತು ಇಂದಿಗೂ ಹಿರಿಯರ ಮೈಮೇಲೆ ಉಳಿದಿದೆ. ೧೯೭೫ರಲ್ಲಿ ಭಾರತದ ಕಟ್ಟಕಡೆಯ ಸಿಡುಬಿನ ರೋಗಿ ಕಂಡುಬಂದನಂತರ ಆ ರೋಗವು ಈ ದೇಶದಿಂದ ಕಾಲ್ತೆಗೆಯಿತು. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ಭೂಮಿಯಿಂದಲೇ ಅಳಿಯಿತೆಂದು ಸಾರಿತು.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಒಮ್ಮೆ ಹಾಕಿದ ಲಸಿಕೆಯಿಂದ ಸಿಡುಬಿನಂತಹ ಘೋರ ರೋಗವನ್ನೇ ಅಳಿಸಲು ಸಾಧ್ಯವಾಯಿತು. ಎರಡು ಬಾರಿ ಹಾಕಿದ ದಡಾರದ ಲಸಿಕೆಯು ನೂರರಲ್ಲಿ ಸುಮಾರು ತೊಂಬತ್ತೇಳು ಮಕ್ಕಳನ್ನು ಆ ರೋಗದಿಂದ ಕಾಪಾಡುತ್ತದೆ. ಹಾಗಿದ್ದಲ್ಲಿ ಫ್ಲೂ ಲಸಿಕೆಯನ್ನು ವರ್ಷ ವರ್ಷವೂ ಹಾಕಿಸಿಕೊಳ್ಳಬೇಕೆಂದು ವೈದ್ಯರು ಹೇಳುವುದೇಕೆ? ಹಾಕಿಸಿಕೊಂಡವರಿಗೂ ಕೆಲವೊಮ್ಮೆ ಆ ಜ್ವರ ಬರುವುದೇಕೆ? ಇದಕ್ಕೆ ಉತ್ತರವು ಆ ರೋಗಾಣುವಿನ ಸ್ವಭಾವದಲ್ಲಿದೆ.

೧೯೧೮ರ ವೈದ್ಯರಿಗೆ ಈ ರೋಗಾಣುವಿನ ಪರಿಚಯವೇ ಇರಲಿಲ್ಲ. ರೋಗಿಗಳ ಗಂಟಲಿನಲ್ಲಿ ಕಂಡುಬಂದ ಒಂದು ಬ್ಯಾಕ್ಟೀರಿಯವೇ ಇದಕ್ಕೆ ಕಾರಣವೆಂದು ಹಲವರು ಭಾವಿಸಿದ್ದರು. ಕೆಲವು ದೇಶಗಳಲ್ಲಿ ಅದರ ವಿರುದ್ಧ ಲಸಿಕೆಗಳನ್ನೂ ತಯಾರಿಸಿದರು. ಶತ್ರುವೇ ಬೇರೆಯಾದಾಗ ಅಂಬು ಗುರಿಯನ್ನು ಮುಟ್ಟುವುದೆಂತು? ಅವುಗಳಿಂದ ಜ್ವರ ನಿಲ್ಲಲಿಲ್ಲ. ೧೯೩೩ರಲ್ಲಿ ಲಂಡನ್ನಿನ ವಿಜ್ಞಾನಿಗಳಾದ ವಿಲ್ಸನ್ ಸ್ಮಿತ್, ಕ್ರಿಸ್ಟೊಫರ್ ಆಂಡ್ರೂಸ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು ರೋಗಿಗಳ ಗಂಟಲು ತೊಳೆದ ನೀರನ್ನು ಅತಿ ಸೂಕ್ಷ್ಮವಾದ ಜರಡಿಯಲ್ಲಿ ಸೋಸಿ, ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ, ಉಳಿದ ದ್ರವವನ್ನು ಫೆರೆಟ್ ಎಂಬ ಪ್ರಾಣಿಯ ಮೂಗಿನಲ್ಲಿ ಬಿಟ್ಟರು. ಫೆರೆಟ್ ಎಂಬುದು ಮುಂಗುಸಿಯನ್ನು ಹೋಲುವ ಸಣ್ಣ ಪ್ರಾಣಿ. ಎರಡು ದಿನಗಳಲ್ಲಿ ಅದಕ್ಕೆ ಜ್ವರ ಬಂದಿತು, ಮೂಗು ಸೋರಿತು, ಸೀನು ಬಂದಿತು. ಬ್ಯಾಕ್ಟೀರಿಯಕ್ಕಿಂತಲೂ ಚಿಕ್ಕದಾದ ವೈರಸ್ಸೇ ಈ ರೋಗದ ಕಾರಣವೆಂಬುದು ಹೀಗೆ ಸಿದ್ಧವಾಯಿತು. ಮುಂದೆ ಇಂತಹ ಒಂದು ಪ್ರಾಣಿಯು ಪ್ರಯೋಗನಿರತನಾದ ವಿಜ್ಞಾನಿಯೊಬ್ಬನ ಮುಖದ ಮೇಲೆಯೇ ಸೀನಿ, ಅವನಿಗೂ ಫ್ಲೂ ಜ್ವರವನ್ನು ಅಂಟಿಸಿದ ಪ್ರಸಂಗವೂ ನಡೆಯಿತು. ಪ್ರಾಣಿಯಿಂದ ಮನುಷ್ಯನಿಗೆ ರೋಗ ದಾಟಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಈ ವೈರಸ್ಸಿನ ಗಾತ್ರವು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. ಅದರ ಮೈಮೇಲೆ ಕದಂಬ ಪುಷ್ಪದ ಕೇಸರಗಳಂತೆ ಸುತ್ತಲೂ ಮುಳ್ಳುಗಳು ಚಾಚಿಕೊಂಡಿರುತ್ತವೆ. ಈ ಮುಳ್ಳುಗಳಲ್ಲಿ ಎರಡು ಬಗೆ. ಒಂದು ಬಗೆಯ ಮುಳ್ಳಿನಿಂದ ವೈರಸ್ಸು ಮನುಷ್ಯನ ಶ್ವಾಸನಾಳದ ಜೀವಕೋಶಕ್ಕೆ ಅಂಟಿಕೊಂಡು ಒಳನುಗ್ಗುತ್ತದೆ. ಇನ್ನೊಂದು ಬಗೆಯ ಮುಳ್ಳಿನ ಸಹಾಯದಿಂದ, ಕೋಶದೊಳಗೆ ಹುಟ್ಟಿದ ಹೊಸ ವೈರಸ್ಸುಗಳು ಬಂಧ ಕಡಿದುಕೊಂಡು ಹೊರಬೀಳುತ್ತವೆ. ಮೊದಲನೆಯದನ್ನು ‘ಎಚ್’ ಎಂದೂ, ಎರಡನೆಯದನ್ನು ‘ಎನ್’ ಎಂದೂ ಸಂಕ್ಷೇಪವಾಗಿ ಕರೆಯುತ್ತಾರೆ. ವೃತ್ತಪತ್ರಿಕೆಗಳಲ್ಲಿ ಕಾಣುವ ‘ಎಚ್೧ಎನ್೧’, ‘ಎಚ್೩ಎನ್೨’ ಎಂಬ ಹೆಸರುಗಳು ಈ ಮುಳ್ಳುಗಳ ಜಾತಿಯನ್ನು ಸೂಚಿಸುತ್ತವೆ. ಇವಲ್ಲದೆ ‘ಬಿ’ ಎಂಬ ಇನ್ನೊಂದು ಪಂಗಡದ ಫ್ಲೂ ವೈರಸ್ಸೂ ಮನುಷ್ಯರನ್ನು ಪ್ರತಿವರ್ಷ ಕಾಡುತ್ತದೆ.

ಒಮ್ಮೆ ಜ್ವರ ಬಂದು ಹೋದಮೇಲೆ ದೇಹವು ಆ ಮುಳ್ಳುಗಳ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ. ಅದೇ ವೈರಸ್ಸು ಮತ್ತೆ ಬಂದರೆ ರಕ್ತದಲ್ಲಿರುವ ಪ್ರತಿಕಾಯಗಳು ಮುಳ್ಳುಗಳಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಆದರೆ ಈ ವೈರಸ್ಸು ತನ್ನಂತಹ ಪ್ರತಿಗಳನ್ನು ಮಾಡಿಕೊಳ್ಳುವಾಗ ಪದೇ ಪದೇ ತಪ್ಪುಮಾಡುತ್ತದೆ. ಹಳೆಯ ಕಾಲದಲ್ಲಿ ತಾಳೆಗರಿಯ ಗ್ರಂಥವನ್ನು ನಕಲು ಮಾಡುವ ಲಿಪಿಕಾರನು ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತಿದ್ದಂತೆ ಇದು. ಒಂದು ಪ್ರತಿಯಲ್ಲಿ ಒಂದೆರಡೇ ತಪ್ಪುಗಳಾದರೂ ನಕಲಿನಿಂದ ನಕಲು ಆಗುತ್ತ ಹೋದಾಗ ಕೊನೆಯ ಪ್ರತಿ ಮೊದಲನೆಯದಕ್ಕಿಂತ ಬಹಳ ಬೇರೆಯಾಗುತ್ತದೆ. ಒಂದೆರಡು ವರ್ಷಗಳಲ್ಲಿ ಮುಳ್ಳುಗಳ ಆಕಾರವು ಎಷ್ಟು ಬದಲಾಗುತ್ತದೆಂದರೆ ಹಳೆಯ ಪ್ರತಿಕಾಯಗಳಿಗೆ ಅವುಗಳ ಗುರುತು ಸರಿಯಾಗಿ ಹತ್ತುವುದಿಲ್ಲ. ವೇಷ ಬದಲಿಸಿದ ಕಳ್ಳನು ಕಾವಲುಗಾರನ ಎದುರಿನಿಂದಲೇ ಊರೊಳಗೆ ಹೊಕ್ಕಂತೆ ವೈರಸ್ಸು ಮತ್ತೆ ದೇಹವನ್ನು ಹೊಗುತ್ತದೆ.

ಕೆಲವೊಮ್ಮೆ ಇದಕ್ಕಿಂತ ದೊಡ್ಡ ಬದಲಾವಣೆಯೂ ಆಗುತ್ತದೆ. ಫ್ಲೂ ವೈರಸ್ಸು ಮನುಷ್ಯರಲ್ಲಿ ಮಾತ್ರವಲ್ಲದೆ ನೀರುಹಕ್ಕಿ, ಕೋಳಿ, ಹಂದಿ ಮುಂತಾದವುಗಳಲ್ಲಿಯೂ ವಾಸಿಸುತ್ತದೆ. ಅದರ ವಂಶವಾಹಿಯು ಎಂಟು ತುಂಡುಗಳಾಗಿ ಹಂಚಿಹೋಗಿದೆ. ಎರಡು ಬೇರೆ ಜಾತಿಯ ವೈರಸ್ಸುಗಳು ಒಂದೇ ಪ್ರಾಣಿಯ ಕೋಶವನ್ನು ಏಕಕಾಲಕ್ಕೆ ಹೊಕ್ಕರೆ ಈ ತುಂಡುಗಳು ಇಸ್ಪೀಟಿನ ಎಲೆಗಳಂತೆ ಕಲೆತು, ಯಾರ ದೇಹವೂ ಕಂಡರಿಯದ ಹೊಸ ವೈರಸ್ಸು ಹುಟ್ಟಬಹುದು. ಆಗ ಜಗತ್ತಿನಾದ್ಯಂತ ಹರಡುವ ಮಹಾವ್ಯಾಧಿ ತಲೆದೋರುತ್ತದೆ. ೧೯೫೭ರಲ್ಲಿ ಹೀಗೆಯೇ ಆಯಿತು. ಆ ವರ್ಷದ ಮೇ ತಿಂಗಳಲ್ಲಿ ಸಿಂಗಪುರದಿಂದ ಬಂದ ಹಡಗಿನೊಡನೆ ರೋಗವು ಮದರಾಸನ್ನು ಪ್ರವೇಶಿಸಿತು. ಮುಂದಿನ ಫೆಬ್ರವರಿಯೊಳಗೆ ಭಾರತದಲ್ಲಿ ೪೪ ಲಕ್ಷಕ್ಕೂ ಹೆಚ್ಚು ರೋಗಿಗಳೂ ೧,೦೯೮ ಸಾವುಗಳೂ ದಾಖಲೆಯಾದವು. ೧೯೬೮ರಲ್ಲಿ ಇನ್ನೊಂದು ಹೊಸ ವೈರಸ್ಸು ಹುಟ್ಟಿತು. ೨೦೦೯ರಲ್ಲಿ ಬಂದ ಎಚ್೧ಎನ್೧ ವೈರಸ್ಸನ್ನು ಜನರು ಹಂದಿಜ್ವರವೆಂದು ಕರೆದರು. ಭಾರತದಲ್ಲಿ ಅದರ ಮೊದಲ ಸಾವು ಆ ವರ್ಷದ ಆಗಸ್ಟ್ ೩ರಂದು ಪುಣೆಯಲ್ಲಿ ಸಂಭವಿಸಿತು. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ನಿಪ್ಪಾಣಿಯನ್ನು ಹಾದೇ ಬರುತ್ತದೆ. ೧೯೧೮ರಲ್ಲಿ ರೈಲು ಮಾಡಿದ ಕೆಲಸವನ್ನು ಇಂದು ಬಸ್ಸು, ಕಾರು, ವಿಮಾನಗಳೂ ಸೇರಿ ಮಾಡುತ್ತವೆ. ಅದೇ ವೈರಸ್ಸು ಅನಂತರ ಋತುಮಾನದ ಫ್ಲೂ ಆಗಿ ನೆಲೆನಿಂತಿತು. ೨೦೧೫ರಲ್ಲಿ ದೇಶದಲ್ಲಿ ೪೨ ಸಾವಿರಕ್ಕೂ ಹೆಚ್ಚು ಜನ ಅದಕ್ಕೆ ತುತ್ತಾಗಿ, ಮೂರು ಸಾವಿರದ ಹತ್ತಿರ ಜನ ಸತ್ತರು. ೨೦೨೩ರ ಮಾರ್ಚ್‌ನಲ್ಲಿ ಎಚ್೩ಎನ್೨ ಹರಡಿದಾಗ ಹಾಸನ ಜಿಲ್ಲೆಯ ವೃದ್ಧರೊಬ್ಬರು ಅದರಿಂದ ತೀರಿಕೊಂಡರು.

ಮಹಾವ್ಯಾಧಿ ಇಲ್ಲದ ವರ್ಷಗಳಲ್ಲಿಯೂ ಈ ಜ್ವರದ ಬಾಧೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿವರ್ಷವೂ ಜಗತ್ತಿನಲ್ಲಿ ೩೦ರಿಂದ ೫೦ ಲಕ್ಷ ಜನ ಫ್ಲೂವಿನಿಂದ ತೀವ್ರವಾಗಿ ಕಾಯಿಲೆ ಬೀಳುತ್ತಾರೆ. ೨ ಲಕ್ಷ ೯೦ ಸಾವಿರದಿಂದ ೬ ಲಕ್ಷ ೫೦ ಸಾವಿರದವರೆಗೆ ಜನ ಸಾಯುತ್ತಾರೆ. ಶೀತದೇಶಗಳಲ್ಲಿ ಇದು ಚಳಿಗಾಲದ ರೋಗ. ಭಾರತದ ಬಹುಭಾಗದಲ್ಲಿ ಇದು ಎರಡು ಬಾರಿ ತಲೆಯೆತ್ತುತ್ತದೆ: ಮಳೆಗಾಲದ ಜುಲೈಯಿಂದ ಸೆಪ್ಟೆಂಬರ್ ತನಕ ಒಮ್ಮೆ, ಜನವರಿಯಿಂದ ಮಾರ್ಚ್ ತನಕ ಇನ್ನೊಮ್ಮೆ. ಮಳೆಗಾಲದಲ್ಲಿ ಜನರು ಬಾಗಿಲು ಕಿಟಕಿಗಳನ್ನು ಮುಚ್ಚಿ ಒತ್ತೊತ್ತಾಗಿ ಕುಳಿತಾಗ ಒಬ್ಬನ ಕೆಮ್ಮಿನ ತುಂತುರು ಹಲವರ ಶ್ವಾಸವನ್ನು ಸೇರುತ್ತದೆ. ಜ್ವರ ಕಾಣಿಸಿಕೊಳ್ಳುವ ಒಂದು ದಿನ ಮೊದಲೇ ರೋಗಿಯು ಇತರರಿಗೆ ಸೋಂಕನ್ನು ಹಂಚತೊಡಗಿರುತ್ತಾನೆ ಎಂಬುದು ಈ ರೋಗವನ್ನು ತಡೆಯುವುದರಲ್ಲಿರುವ ದೊಡ್ಡ ತೊಡಕು.

ಈ ಚಂಚಲ ಶತ್ರುವಿನ ವಿರುದ್ಧ ಲಸಿಕೆಯನ್ನು ಸಿದ್ಧಪಡಿಸುವ ಕಾರ್ಯವು ೧೯೪೦ರ ದಶಕದಲ್ಲಿ ಸಫಲವಾಯಿತು. ಅದಕ್ಕೆ ಮುಂಚೆ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಎಂಬ ವಿಜ್ಞಾನಿಯು ಮರಿಯಾಗುತ್ತಿರುವ ಕೋಳಿಮೊಟ್ಟೆಯೊಳಗೆ ಫ್ಲೂ ವೈರಸ್ಸನ್ನು ಬೆಳೆಸುವ ವಿಧಾನವನ್ನು ರೂಢಿಸಿದ್ದನು. ಹೀಗೆ ಬೆಳೆದ ವೈರಸ್ಸನ್ನು ರಾಸಾಯನಿಕದಿಂದ ಕೊಂದು, ಶುದ್ಧಿಮಾಡಿ ಚುಚ್ಚುಮದ್ದಾಗಿ ಬಳಸಬಹುದೆಂದು ಅಮೆರಿಕದ ಥಾಮಸ್ ಫ್ರಾನ್ಸಿಸ್ ಮತ್ತು ಜೋನಸ್ ಸಾಕ್ ತೋರಿಸಿದರು. ಪೋಲಿಯೊ ಲಸಿಕೆಯಿಂದ ಮುಂದೆ ಲೋಕವಿಖ್ಯಾತನಾದ ಸಾಕ್ ಇವನೇ. ಸೈನಿಕರಿಗೆ ಹಾಕಿ ನೋಡಿದಾಗ ಲಸಿಕೆಯು ಚೆನ್ನಾಗಿ ಕೆಲಸಮಾಡಿತು. ಆದರೆ ೧೯೪೭ರಲ್ಲಿ ಅದೇ ಲಸಿಕೆ ಸೋತುಹೋಯಿತು. ಲಸಿಕೆಯು ಕೆಟ್ಟಿರಲಿಲ್ಲ, ವೈರಸ್ಸು ವೇಷ ಬದಲಿಸಿತ್ತು. ಅಂದು ವಿಜ್ಞಾನಿಗಳು ಕಲಿತ ಪಾಠವೇ ಇಂದಿನ ವ್ಯವಸ್ಥೆಗೆ ತಳಹದಿಯಾಗಿದೆ.

ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿರುವ ಪ್ರಯೋಗಶಾಲೆಗಳು ರೋಗಿಗಳ ಗಂಟಲಿನ ದ್ರವವನ್ನು ಪರೀಕ್ಷಿಸಿ, ಯಾವ ರೂಪದ ವೈರಸ್ಸು ಎಲ್ಲಿ ಹರಡುತ್ತಿದೆ ಎಂಬುದನ್ನು ವರ್ಷದುದ್ದಕ್ಕೂ ಗಮನಿಸುತ್ತವೆ. ಈ ವರದಿಗಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಬಾರಿ ಸಭೆ ಸೇರುತ್ತಾರೆ. ಫೆಬ್ರವರಿಯಲ್ಲಿ ಉತ್ತರಾರ್ಧಗೋಲದ ಚಳಿಗಾಲಕ್ಕೂ ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಗೋಲದ ಚಳಿಗಾಲಕ್ಕೂ ಲಸಿಕೆಯಲ್ಲಿ ಯಾವ ಯಾವ ವೈರಸ್ಸುಗಳಿರಬೇಕೆಂದು ನಿರ್ಣಯಿಸುತ್ತಾರೆ. ಆಮೇಲೆ ಕೋಟ್ಯಂತರ ಮೊಟ್ಟೆಗಳಲ್ಲಿ ಅವುಗಳನ್ನು ಬೆಳೆಸಿ, ಕೊಂದು, ಶುದ್ಧಗೊಳಿಸಿ, ಸೀಸೆಗಳಲ್ಲಿ ತುಂಬುವುದಕ್ಕೆ ಸುಮಾರು ಆರು ತಿಂಗಳು ಹಿಡಿಯುತ್ತದೆ. ಒಕ್ಕಲಿಗನು ಬರುವ ಮಳೆಯ ಅಂದಾಜಿನ ಮೇಲೆ ಬೀಜವನ್ನು ಆರಿಸುವಂತೆ, ವಿಜ್ಞಾನಿಯೂ ಬರುವ ವೈರಸ್ಸಿನ ಅಂದಾಜಿನ ಮೇಲೆ ಲಸಿಕೆಯನ್ನು ಆರಿಸಬೇಕಾಗುತ್ತದೆ. ಅಂದಾಜು ಸರಿಹೋದ ವರ್ಷ ಫಲ ಚೆನ್ನಾಗಿರುತ್ತದೆ. ಆ ಆರು ತಿಂಗಳಲ್ಲಿ ವೈರಸ್ಸು ಬೇರೆ ದಾರಿ ಹಿಡಿದರೆ ಫಲ ಕುಗ್ಗುತ್ತದೆ.

ಲಸಿಕೆಯ ಫಲವೆಷ್ಟು ಎಂಬುದನ್ನು ಅಂಕಿಗಳಿಂದಲೇ ತಿಳಿಯುವುದು ಉತ್ತಮ. ಅಂದಾಜು ಸರಿಹೊಂದಿದ ವರ್ಷಗಳಲ್ಲಿ ಲಸಿಕೆಯ ಪರಿಣಾಮವು ಸಾಮಾನ್ಯವಾಗಿ ಶೇಕಡಾ ೪೦ರಿಂದ ೬೦ರಷ್ಟಿರುತ್ತದೆ. ಈ ಮಾತನ್ನು ಅನೇಕರು ತಪ್ಪಾಗಿ ಗ್ರಹಿಸುತ್ತಾರೆ. ಶೇಕಡಾ ೫೦ ಎಂದರೆ ಲಸಿಕೆ ಹಾಕಿಸಿಕೊಂಡ ನೂರು ಜನರಲ್ಲಿ ಐವತ್ತು ಜನರಿಗೆ ಜ್ವರ ಬರುತ್ತದೆಂದು ಅರ್ಥವಲ್ಲ. ಒಂದು ಊರಿನಲ್ಲಿ ಲಸಿಕೆ ಹಾಕಿಸಿಕೊಳ್ಳದ ಸಾವಿರ ಜನರಲ್ಲಿ ನೂರು ಜನರಿಗೆ ಆ ವರ್ಷ ಫ್ಲೂ ಬರುತ್ತದೆಂದು ಭಾವಿಸೋಣ. ಅದೇ ಪರಿಸ್ಥಿತಿಯಲ್ಲಿ ಲಸಿಕೆ ಹಾಕಿಸಿಕೊಂಡ ಸಾವಿರ ಜನರಲ್ಲಿ ಐವತ್ತು ಜನರಿಗೆ ಮಾತ್ರ ಬಂದರೆ ಅದರ ಪರಿಣಾಮ ಶೇಕಡಾ ೫೦ ಎನ್ನುತ್ತಾರೆ. ಬರಬೇಕಾಗಿದ್ದ ನೂರು ಕಾಯಿಲೆಗಳಲ್ಲಿ ಐವತ್ತು ತಪ್ಪಿದುವೆಂಬುದೇ ಇದರ ಅರ್ಥ.

ಅಮೆರಿಕದಲ್ಲಿ ವರ್ಷ ವರ್ಷವೂ ಮಾಡಿದ ಲೆಕ್ಕವನ್ನು ನೋಡಿದರೆ ಈ ಫಲದ ಏರಿಳಿತ ಸ್ಪಷ್ಟವಾಗುತ್ತದೆ. ೨೦೧೦-೧೧ರಲ್ಲಿ ಪರಿಣಾಮವು ಶೇಕಡಾ ೬೦ರಷ್ಟಿತ್ತು. ವೈರಸ್ಸು ಬಹಳ ಬದಲಾದ ೨೦೧೪-೧೫ರಲ್ಲಿ ಶೇಕಡಾ ೧೯ಕ್ಕೆ ಇಳಿಯಿತು. ಭಾರತದ ಹಳ್ಳಿಗಳಲ್ಲಿಯೂ ಇಂತಹ ಪರೀಕ್ಷೆ ನಡೆದಿದೆ. ಹರಿಯಾಣದ ಬಲ್ಲಭಗಢದ ಹತ್ತಿರದ ಹಳ್ಳಿಗಳಲ್ಲಿ ೨೦೦೯ರಿಂದ ಮೂರು ವರ್ಷಗಳ ಕಾಲ ಒಂದು ಗುಂಪಿನ ಮಕ್ಕಳಿಗೆ ಫ್ಲೂ ಲಸಿಕೆಯನ್ನೂ ಇನ್ನೊಂದು ಗುಂಪಿನ ಮಕ್ಕಳಿಗೆ ಪೋಲಿಯೊ ಲಸಿಕೆಯನ್ನೂ ಕೊಟ್ಟು ಹೋಲಿಸಲಾಯಿತು. ಫ್ಲೂ ಲಸಿಕೆಯ ಪರಿಣಾಮವು ಮೊದಲ ವರ್ಷ ಸುಮಾರು ಶೇಕಡಾ ೨೬, ಎರಡನೆಯ ವರ್ಷ ೪೧, ಮೂರನೆಯ ವರ್ಷ ೭೪ರಷ್ಟಿತ್ತು. ಒಂದೇ ಹಳ್ಳಿ, ಒಂದೇ ಬಗೆಯ ಮಕ್ಕಳು. ಆದರೂ ವರ್ಷದಿಂದ ವರ್ಷಕ್ಕೆ ಇಷ್ಟು ಅಂತರ!

ಹೀಗಿದ್ದಮೇಲೆ ಅರ್ಧಫಲದ ಲಸಿಕೆಯಿಂದ ಪ್ರಯೋಜನವೇನೆಂದು ಕೇಳುವವರುಂಟು. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದಾಗಿ, ಲಸಿಕೆಯು ಜ್ವರವನ್ನು ತಡೆಯಲಾರದೆ ಹೋದಾಗಲೂ ಅದರ ಉಗ್ರತೆಯನ್ನು ತಗ್ಗಿಸುತ್ತದೆ. ಫ್ಲೂವಿನಿಂದ ಸಾಯುವವರಲ್ಲಿ ಅನೇಕರು ಅದರ ಬೆನ್ನಿಗೆ ಬರುವ ನ್ಯುಮೋನಿಯದಿಂದ ಸಾಯುತ್ತಾರೆ. ಲಸಿಕೆ ಹಾಕಿಸಿಕೊಂಡವರಲ್ಲಿ ಆಸ್ಪತ್ರೆ ಸೇರುವವರೂ ಸಾಯುವವರೂ ಕಡಿಮೆ. ಗರ್ಭಿಣಿಯರಲ್ಲಿ ಫ್ಲೂವಿನಿಂದ ಆಸ್ಪತ್ರೆ ಸೇರುವ ಸಂಭವವು ಲಸಿಕೆಯಿಂದ ಸರಾಸರಿ ಶೇಕಡಾ ೪೦ರಷ್ಟು ತಗ್ಗುವುದೆಂದು ಹಲವು ದೇಶಗಳಲ್ಲಿ ನಡೆದ ಅಧ್ಯಯನವು ತೋರಿಸಿದೆ. ಆರು ತಿಂಗಳು ತುಂಬದ ಕೂಸಿಗೆ ಈ ಲಸಿಕೆಯನ್ನು ಹಾಕುವಂತಿಲ್ಲ. ಆದರೆ ತಾಯಿ ಹಾಕಿಸಿಕೊಂಡರೆ ಅವಳ ಪ್ರತಿಕಾಯಗಳು ಗರ್ಭದಲ್ಲಿಯೇ ಕೂಸಿಗೆ ದೊರೆಯುತ್ತವೆ. ಎರಡನೆಯದಾಗಿ, ರೋಗವು ಬಹಳ ಜನರಿಗೆ ಬರುವಂತಹುದಾದಾಗ ಅರ್ಧವನ್ನು ತಡೆದರೂ ಉಳಿಯುವ ಪ್ರಾಣಗಳ ಸಂಖ್ಯೆ ದೊಡ್ಡದು. ಹರಕು ಕೊಡೆಯು ಮಳೆಯನ್ನು ಪೂರ್ತಿಯಾಗಿ ತಡೆಯಲಾರದು. ಆದರೂ ಬೋರೆಂದು ಸುರಿವ ಮಳೆಯಲ್ಲಿ ಅದನ್ನು ಬಿಸಾಡಿ ನಡೆಯುವವನು ಜಾಣನಲ್ಲ.

ಲಸಿಕೆಯ ಬಗೆಗೆ ಜನರಲ್ಲಿ ಕೆಲವು ತಪ್ಪು ತಿಳಿವಳಿಕೆಗಳಿವೆ. ಲಸಿಕೆಯಿಂದಲೇ ಫ್ಲೂ ಬರುತ್ತದೆಂಬುದು ಅವುಗಳಲ್ಲೊಂದು. ಚುಚ್ಚುಮದ್ದಿನಲ್ಲಿರುವುದು ಸತ್ತ ವೈರಸ್ಸು ಅಥವಾ ಅದರ ತುಣುಕು, ಅದು ರೋಗವನ್ನುಂಟುಮಾಡಲಾರದು. ತೋಳಿನಲ್ಲಿ ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದು. ಗಂಭೀರ ತೊಂದರೆಗಳು ಬಹಳ ಅಪರೂಪ. ಲಸಿಕೆ ಹಾಕಿಸಿದ ವಾರದಲ್ಲಿಯೇ ಜ್ವರ ಬಂದುದನ್ನು ಕೆಲವರು ಉದಾಹರಿಸುತ್ತಾರೆ. ದೇಹವು ಸಾಕಷ್ಟು ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುವುದಕ್ಕೆ ಸುಮಾರು ಎರಡು ವಾರ ಬೇಕು. ಆ ಅವಧಿಯಲ್ಲಿ ಸೋಂಕು ತಗಲಿದರೆ ಜ್ವರ ಬರುವುದು ಆಶ್ಚರ್ಯವಲ್ಲ. ಇನ್ನು ಕೆಲವರು ಲಸಿಕೆ ಹಾಕಿಸಿಯೂ ನೆಗಡಿಯಾಯಿತೆಂದು ದೂರುತ್ತಾರೆ. ಈ ಲಸಿಕೆಯು ಫ್ಲೂ ವೈರಸ್ಸನ್ನು ಮಾತ್ರ ತಡೆಯುತ್ತದೆ. ನೆಗಡಿಯ ನೂರಾರು ವೈರಸ್ಸುಗಳ ಮೇಲೆ ಅದಕ್ಕೆ ಅಧಿಕಾರವಿಲ್ಲ.

ಲಸಿಕೆಯ ರಕ್ಷಣೆ ಕಾಲಕ್ರಮದಲ್ಲಿ ಕುಗ್ಗುತ್ತದೆ, ವೈರಸ್ಸೂ ಬದಲಾಗುತ್ತದೆ. ಆದುದರಿಂದ ಪ್ರತಿವರ್ಷವೂ ಹೊಸದಾಗಿ ಹಾಕಿಸಿಕೊಳ್ಳಬೇಕಾಗುತ್ತದೆ. ಮಳೆಗಾಲದಲ್ಲಿ ಫ್ಲೂ ಹೆಚ್ಚುವ ಪ್ರದೇಶಗಳಲ್ಲಿ ಏಪ್ರಿಲ್ ಮೇ ತಿಂಗಳುಗಳು, ಅಂದರೆ ಮುಂಗಾರಿನ ಮುಂಚಿನ ದಿನಗಳು, ಇದಕ್ಕೆ ಯೋಗ್ಯವಾದ ಕಾಲ. ಹೊಲವನ್ನು ಹಸನುಮಾಡುವ ಕೆಲಸ ಮಳೆಗೆ ಮುಂಚೆಯೇ ಮುಗಿಯಬೇಕಲ್ಲವೇ? ಇದೂ ಹಾಗೆಯೇ. ಭಾರತದಲ್ಲಿ ಈ ಲಸಿಕೆಯು ಎಲ್ಲ ಮಕ್ಕಳಿಗೂ ಉಚಿತವಾಗಿ ಕೊಡುವ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಹೆಚ್ಚಿನವರು ಹಣ ಕೊಟ್ಟೇ ಹಾಕಿಸಿಕೊಳ್ಳಬೇಕು. ಕೂಲಿಯನ್ನೇ ನಂಬಿದ ಸಂಸಾರಕ್ಕೆ ವರ್ಷ ವರ್ಷವೂ ಮನೆಮಂದಿಗೆಲ್ಲ ಇದನ್ನು ಹಾಕಿಸುವುದು ಸುಲಭವಲ್ಲ. ಆದಕಾರಣ ಯಾರಿಗೆ ಮೊದಲು ಎಂಬ ವಿವೇಕ ಅಗತ್ಯ. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು, ಮಧುಮೇಹ, ಉಬ್ಬಸ, ಹೃದಯ ಮತ್ತು ಮೂತ್ರಪಿಂಡಗಳ ಕಾಯಿಲೆಯುಳ್ಳವರು, ರೋಗಿಗಳ ಸೇವೆ ಮಾಡುವ ದಾದಿಯರು ಮತ್ತು ವೈದ್ಯರು ಇವರಿಗೆ ಮೊದಲ ಸ್ಥಾನ. ದಾದಿಯೊಬ್ಬಳು ಲಸಿಕೆ ಹಾಕಿಸಿಕೊಂಡರೆ ಅವಳೊಬ್ಬಳ ರಕ್ಷಣೆಯಷ್ಟೇ ಅಲ್ಲ, ಅವಳ ಆರೈಕೆಯಲ್ಲಿರುವ ದುರ್ಬಲರ ರಕ್ಷಣೆಯೂ ಆಗುತ್ತದೆ.

ಲಸಿಕೆಯೊಡನೆ ಹಣ ಖರ್ಚಿಲ್ಲದ ಇತರ ರಕ್ಷಣೆಗಳೂ ಇವೆ. ಕೆಮ್ಮುವಾಗ, ಸೀನುವಾಗ ಬಾಯಿಗೆ ವಸ್ತ್ರವನ್ನೋ ಮೊಣಕೈಯನ್ನೋ ಅಡ್ಡ ಹಿಡಿಯುವುದು, ಸಾಬೂನಿನಿಂದ ಕೈ ತೊಳೆಯುವುದು, ಕೋಣೆಗೆ ಗಾಳಿಯಾಡಲು ಬಿಡುವುದು, ಜ್ವರವಿದ್ದಾಗ ಶಾಲೆಗೂ ಸಂತೆಗೂ ಹೋಗದೆ ಮನೆಯಲ್ಲಿರುವುದು ಇವು ಎಲ್ಲರಿಗೂ ಸಾಧ್ಯವಾದವು. ಫ್ಲೂ ವೈರಸ್ಸಿನಿಂದ ಬರುವುದರಿಂದ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಔಷಧಿಗಳನ್ನು ತಾವಾಗಿಯೇ ಕೊಂಡು ನುಂಗುವುದು ವ್ಯರ್ಥ, ಹಾನಿಕರವೂ ಹೌದು. ಮಕ್ಕಳಿಗೆ ಈ ಜ್ವರದಲ್ಲಿ ಆಸ್ಪಿರಿನ್ ಕೊಡಬಾರದು. ಉಸಿರಾಟ ಕಷ್ಟವಾದರೆ, ಎದೆ ನೋಯತೊಡಗಿದರೆ, ತುಟಿ ನೀಲಿಯಾದರೆ, ಮಗು ಹಾಲು ಬಿಟ್ಟು ಮಂಕಾದರೆ, ಇಳಿದ ಜ್ವರ ಮತ್ತೆ ಏರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಎಂಬ ಔಷಧಿ ಈಗ ಇದೆ. ಆದರೆ ರೋಗ ಪ್ರಾರಂಭವಾದ ಎರಡು ದಿನಗಳೊಳಗೆ ಕೊಟ್ಟಾಗಲೇ ಅದರ ಗುಣ ಹೆಚ್ಚು.

ವೈರಸ್ಸು ಎಷ್ಟು ವೇಷ ಬದಲಿಸಿದರೂ ಬದಲಾಗದ ಭಾಗವೊಂದು ಅದರ ಮುಳ್ಳಿನ ಬುಡದಲ್ಲಿದೆ. ಆ ಭಾಗವನ್ನೇ ಗುರಿಯಾಗಿಟ್ಟು, ಹಲವು ವರ್ಷ ಬಾಳುವ ಒಂದೇ ಲಸಿಕೆಯನ್ನು ಮಾಡಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಆ ಕಾರ್ಯವು ಸಿದ್ಧಿಸುವ ತನಕ ಇರುವ ಅಸ್ತ್ರವನ್ನೇ ಅರಿತು ಬಳಸುವುದು ಮನುಷ್ಯನಿಗೆ ಉಳಿದಿರುವ ದಾರಿ. ಅದನ್ನು ಸರ್ವಶಕ್ತವೆಂದು ಕೊಂಡಾಡುವುದೂ ಸಲ್ಲದು, ನಿಷ್ಫಲವೆಂದು ತಳ್ಳುವುದೂ ಸಲ್ಲದು.

೧೯೧೮ರಲ್ಲಿ ಚಿಕ್ಕೋಡಿ ಸೀಮೆಯ ತಾಯಂದಿರಿಗೆ ತಮ್ಮ ಮಕ್ಕಳನ್ನು ಕೊಲ್ಲುತ್ತಿರುವುದೇನೆಂಬುದೇ ತಿಳಿದಿರಲಿಲ್ಲ. ಅವರ ಮುಂದೆ ಆಯ್ಕೆಯೂ ಇರಲಿಲ್ಲ. ಇಂದು ಮುಂಗಾರಿನ ಮೊದಲ ಮೋಡ ಕಬ್ಬೂರಿನ ಮೇಲೆ ಕವಿದಾಗ ಅಲ್ಲಿನ ಶಾಲೆಯ ಹುಡುಗನೊಬ್ಬನಿಗೆ ಆ ಶತ್ರುವಿನ ಹೆಸರು ಗೊತ್ತು, ಆಕಾರ ಗೊತ್ತು, ಅದು ಬರುವ ಕಾಲ ಗೊತ್ತು. ಮನೆಯಲ್ಲಿ ಉಬ್ಬಸದಿಂದ ನರಳುವ ಅಜ್ಜಿಯೋ ಬಸುರಿಯಾದ ಅಕ್ಕನೋ ಇದ್ದರೆ ಅವರನ್ನು ಮಳೆಗೆ ಮುಂಚೆ ವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ಹಿರಿಯರಿಗೆ ಹೇಳುವಷ್ಟು ತಿಳಿವಳಿಕೆ ಅವನಲ್ಲಿದೆ. ಅರಿವು ಕಾಯಿಲೆಯನ್ನು ತಾನೇ ಗುಣಪಡಿಸಲಾರದು. ಆದರೆ ಕಾಲಕ್ಕೆ ಸರಿಯಾಗಿ 행ೆಯಿಡಿಸಬಲ್ಲದು.